ಬೆರಳ ಸಂದಿಯ ಮಳೆಗಾಲ

ಪುನರ್ವಸು ಮಳೆ ಹಿಡಿದುಕೊಂಡರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಯಾವುದೂ ಒಣಗುವುದಿಲ್ಲ. ಜಗಲಿಯ ಗಳದ ಮೇಲೆ ಹರವಿದ ಬಟ್ಟೆ ಮೂರು ದಿನವಾದರೂ ತಂಡಿ ಬಿಡುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಪುಸ್ತಕದ ಹಾಳೆ ಮೆತ್ತಗಾಗುತ್ತದೆ. ಇದೇ ದಿನಗಳಲ್ಲಿ ಜಗಲಿಯ ಮೂಲೆಯಲ್ಲಿ ಮಲಗಿದ ಉದ್ದಗೂದಲ ನಾಯಿ ತನ್ನ ಮುಂಗಾಲನ್ನು ಬಿಡದೆ ನೆಕ್ಕುತ್ತಿರುತ್ತದೆ. ಮಾಡಲು ಬೇರೆ ಕೆಲಸವಿಲ್ಲ, ಅದಕ್ಕೇ ನೆಕ್ಕುತ್ತಿದೆ ಎಂದು ಮನೆಯವರು ಸುಮ್ಮನಾಗುತ್ತಾರೆ. ಶ್ರಾವಣ ಕಳೆಯುವ ಹೊತ್ತಿಗೆ ಆ ನಾಯಿ ಕುಂಟತೊಡಗುತ್ತದೆ, ಹತ್ತಿರ ಹೋದರೆ ಹುಳಿ ವಾಸನೆ ಬರುತ್ತದೆ, ಕಾಲು ಮುಟ್ಟಿದರೆ ಗುರ್ ಎನ್ನುತ್ತದೆ. ಆಗ ಮುಳ್ಳು ಚುಚ್ಚಿರಬೇಕು ಎಂದು ಹುಡುಕಾಟ ಶುರುವಾಗುತ್ತದೆ. ಮುಳ್ಳು ಸಿಗುವುದಿಲ್ಲ. ಬಹಳಷ್ಟು ಸಲ ಅಲ್ಲಿರುವುದು ಮೂರು ತಿಂಗಳಿನಿಂದ ಆರದೆ ಉಳಿದ ತೇವ. ಮಲೆನಾಡಿನ ಮಳೆಗಾಲದಲ್ಲಿ ಉದ್ದಗೂದಲ ನಾಯಿಯ ಆರೈಕೆ ಅದರ ಬೆರಳ ಸಂದಿಯಿಂದ ಶುರುವಾಗಬೇಕು, ಅಲ್ಲಿ ಮಾಡಬೇಕಾದ ಮೊದಲ ಕೆಲಸ ಒರೆಸಿ ಒಣಗಿಸುವುದು ಎಂಬುದೇ ಈ ಬರಹದ ವಾದ.

ನಮ್ಮ ಹಳ್ಳಿಮನೆಗಳಿಗೂ ಪೇಟೆಯ ಮನೆಗಳಿಗೂ ಈಗ ಬಂದು ಸೇರಿರುವ ಉದ್ದಗೂದಲ ನಾಯಿಗಳ ಮೂಲ ಈ ಸೀಮೆಯದಲ್ಲ. ಗೋಲ್ಡನ್ ರಿಟ್ರೀವರ್ ಸ್ಕಾಟ್ಲೆಂಡಿನದು, ಲಾಸಾ ಆಪ್ಸೊ ಟಿಬೆಟಿನದು, ಜರ್ಮನ್ ಶೆಫರ್ಡಿನ ಊರು ಅದರ ಹೆಸರಿನಲ್ಲೇ ಇದೆ, ಹಸ್ಕಿ ಸೈಬೀರಿಯಾದ್ದು. ಪೊಮೆರೇನಿಯನ್ ಎಂದು ನಾವು ಕರೆಯುವ ಬಿಳಿ ಸ್ಪಿಟ್ಜ್ ನಾಯಿಯ ಹಿರಿಯರೂ ತಂಪುದೇಶದವರೇ. ಹೀಗಾಗಿ ಇವುಗಳ ಕಾಲಿನ ಆರೈಕೆಯ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಹಿಮ ಬೀಳುವ ನಾಡಿನಲ್ಲಿ ಹುಟ್ಟಿದವು. ಅಲ್ಲಿನ ತೊಂದರೆಗಳು ಎರಡು. ಬೆರಳ ಸಂದಿಯ ಕೂದಲಿಗೆ ಹಿಮ ಹತ್ತಿಕೊಂಡು ಗೋಲಿಯಂತೆ ಗಟ್ಟಿಯಾಗಿ ನಡೆಯುವಾಗ ಒತ್ತುವುದು ಒಂದು. ರಸ್ತೆಯ ಹಿಮ ಕರಗಲೆಂದು ಎರಚುವ ಉಪ್ಪು ಪಾದವನ್ನು ಸುಡುವುದು, ಅದನ್ನು ನೆಕ್ಕಿದ ನಾಯಿಯ ಹೊಟ್ಟೆ ಕೆಡುವುದು ಇನ್ನೊಂದು. ಅದಕ್ಕೆ ಅವರು ಪಾದಕ್ಕೆ ಮೇಣ ಸವರುತ್ತಾರೆ, ಬಟ್ಟೆಯ ಬೂಟು ತೊಡಿಸುತ್ತಾರೆ. ಅಲಾಸ್ಕಾದಲ್ಲಿ ಸಾವಿರ ಮೈಲಿಯ ಆಸುಪಾಸು ಓಡುವ ಇಡಿಟರಾಡ್ ಜಾರುಬಂಡಿ ಸ್ಪರ್ಧೆಯಲ್ಲಿ ಪ್ರತಿ ನಾಯಿಗೆ 8 ಬೂಟುಗಳಾದರೂ ಇರಲೇಬೇಕೆಂಬ ನಿಯಮವೇ ಇದೆ. ನಾಯಿಯ ಪಾದದ ಬೆಲೆಯನ್ನು ಅವರು ಅರಿತಿದ್ದಾರೆ. ಆದರೆ ಅವರ ಮದ್ದನ್ನು ಹಾಗೆಯೇ ಎತ್ತಿ ತಂದು ಆಗುಂಬೆಯಲ್ಲಿ, ಹುಲಿಕಲ್ಲಿನಲ್ಲಿ ಬಳಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಕಾರಣ ಸರಳ. ನಾಯಿಯ ಪಾದ ಚಳಿಯನ್ನು ತಾನೇ ತಡೆದುಕೊಳ್ಳಬಲ್ಲದು. ಜಪಾನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಚೆನ್ನಾಗಿ ವಿವರಿಸುತ್ತದೆ. ಪಾದದ ಮೆತ್ತೆಯೊಳಗೆ ಬಿಸಿ ರಕ್ತ ತರುವ ಅಪಧಮನಿಯ ಸುತ್ತ ಸಣ್ಣ ಸಣ್ಣ ಅಭಿಧಮನಿಗಳು ಬಲೆಯಂತೆ ಹೆಣೆದುಕೊಂಡಿವೆ. ಕೆಳಗಿಳಿಯುವ ಬಿಸಿರಕ್ತ ಮೇಲೇರುವ ತಣ್ಣನೆಯ ರಕ್ತಕ್ಕೆ ತನ್ನ ಶಾಖವನ್ನು ದಾಟಿಸಿಬಿಡುತ್ತದೆ. ಅದರಿಂದ ಪಾದವೂ ಹೆಪ್ಪುಗಟ್ಟುವುದಿಲ್ಲ, ಮೈಯ ಬಿಸಿಯೂ ಸೋರಿಹೋಗುವುದಿಲ್ಲ. ಇನ್ನು ಹಿಮವೆಂದರೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಅದು ಒಂದು ರೀತಿಯಲ್ಲಿ ಒಣ ವಸ್ತುವೇ. ಕೊಡವಿದರೆ ಬಹುಪಾಲು ಉದುರುತ್ತದೆ, ಆ ಚಳಿಯಲ್ಲಿ ಬೂಷ್ಟೂ ಬೆಳೆಯದು. ನಮ್ಮದು ಇದಕ್ಕೆ ತದ್ವಿರುದ್ಧ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆಯ ಸುತ್ತಲೂ ಅಂಥದೇ ಮಳೆ. ಆ ದಿನಗಳಲ್ಲಿ ಚಳಿಯೆನಿಸಿದರೂ ಗಾಳಿಯ ಬಿಸಿ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಕ್ಕೂ ಬೇಕಾದದ್ದು ಅಷ್ಟೇ: ತೇವ, ಕತ್ತಲೆ, ಬೆಚ್ಚನೆಯ ಮೈ. ಉದ್ದಗೂದಲ ನಾಯಿಯ ಬೆರಳ ಸಂದಿ ಈ ಮೂರನ್ನೂ ಒಟ್ಟಿಗೆ ಒದಗಿಸುತ್ತದೆ.

ಗದ್ದೆ ನೆಟ್ಟಿ ಮಾಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ದಿನವಿಡೀ ಕೆಸರಿನಲ್ಲಿ ನಿಂತವರ ಕಾಲ್ಬೆರಳ ಸಂದಿ ಬೆಳ್ಳಗಾಗಿ, ಸುಲಿದು, ಕೆಸರುಹುಣ್ಣಾಗುವುದನ್ನು ಪ್ರತಿ ಮಳೆಗಾಲವೂ ಕಾಣುತ್ತೇವೆ. ನಾಯಿಯ ಕಾಲಿನಲ್ಲಿ ನಡೆಯುವುದೂ ಅದೇ. ನೀರು ಕುಡಿದ ಚರ್ಮದ ಹೊರಪದರ ಮೆತ್ತಗಾಗುತ್ತದೆ, ನಡೆದಾಗ ಉಜ್ಜಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ನಾಯಿಯ ಚರ್ಮದ ಮೇಲೆ ಯಾವಾಗಲೂ ಇರುವ, ಸಾಮಾನ್ಯವಾಗಿ ತೊಂದರೆ ಕೊಡದ ಮಲಸೀಜಿಯ ಎಂಬ ಯೀಸ್ಟು ಈಗ ಮಿತಿಮೀರಿ ಬೆಳೆಯುತ್ತದೆ. ಹುಳಿ ವಾಸನೆ ಅದರದು. ಬಿರುಕಿನೊಳಗೆ ಬ್ಯಾಕ್ಟೀರಿಯಾ ಹೊಕ್ಕರೆ ಬೆರಳ ನಡುವೆ ಕೀವುಗುಳ್ಳೆ ಏಳುತ್ತದೆ. ತುರಿಕೆಗೆ ನಾಯಿಗೆ ಗೊತ್ತಿರುವ ಉಪಾಯ ನೆಕ್ಕುವುದೊಂದೇ. ನೆಕ್ಕಿದಷ್ಟೂ ತೇವ ಹೆಚ್ಚುತ್ತದೆ, ತೇವ ಹೆಚ್ಚಿದಷ್ಟೂ ತುರಿಕೆ. ಬಿಳಿ ನಾಯಿಯ ಕಾಲ್ಗೂದಲು ಕಂದುಗೆಂಪಾಗಿ ತಿರುಗಿದ್ದರೆ ಅದು ಕೆಮ್ಮಣ್ಣಿನ ಬಣ್ಣವೆಂದೇ ತಿಳಿಯಬೇಡಿ. ಜೊಲ್ಲಿನಲ್ಲಿರುವ ಪೋರ್ಫಿರಿನ್ ಎಂಬ ವಸ್ತು ಕೂದಲಿಗೆ ಹತ್ತಿದರೂ ಅದೇ ಬಣ್ಣ ಬರುತ್ತದೆ. ತೊಳೆದರೂ ಹೋಗದ ಆ ಬಣ್ಣ, ನಾಯಿ ಎಷ್ಟು ದಿನದಿಂದ ನೆಕ್ಕುತ್ತಿದೆ ಎಂಬುದರ ಲೆಕ್ಕ. ಗಿಡ್ಡಗೂದಲ ನಾಯಿ ಒಮ್ಮೆ ಮೈ ಕೊಡವಿ ಬೂದಿಗುಂಡಿಯ ಬಳಿ ಮಲಗಿದರೆ ಕಾಲು ಸುಮಾರಾಗಿ ಆರಿಬಿಡುತ್ತದೆ. ಉದ್ದಗೂದಲು ಮಾತ್ರ ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಹೀರಿ ಸಂದಿಯೊಳಗೆ ಹಿಡಿದಿಟ್ಟುಕೊಳ್ಳುತ್ತದೆ.

ಇದು ನಾಯಿಯೊಂದರ ತೊಂದರೆ, ಮನೆಯವರಿಗೇನು ಎನ್ನುವವರು ಇನ್ನೆರಡು ಸಂಗತಿ ಗಮನಿಸಬೇಕು. ಮೊದಲನೆಯದು ಇಲಿಜ್ವರ. ಇಲಿ ಹೆಗ್ಗಣಗಳ ಮೂತ್ರ ಸೇರಿದ ನಿಂತ ನೀರಿನಲ್ಲಿ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಬದುಕಿರುತ್ತದೆ, ಬಿರುಕುಬಿಟ್ಟ ಚರ್ಮದ ಮೂಲಕ ಒಳಹೊಗುತ್ತದೆ. ಸೋಂಕು ತಗಲಿದ ನಾಯಿಯ ಮೂತ್ರಪಿಂಡವೂ ಯಕೃತ್ತೂ ಕೆಡಬಹುದು, ಅದರ ಮೂತ್ರದಿಂದ ಮನುಷ್ಯರಿಗೂ ಹರಡಬಹುದು. ವರ್ಷಕ್ಕೊಮ್ಮೆ ಕೊಡಿಸುವ ಲಸಿಕೆಯಿಂದ ಒಳ್ಳೆಯ ರಕ್ಷಣೆಯಿದೆ, ಆದರೆ ಲೆಪ್ಟೊಸ್ಪೈರಾದ ಎಲ್ಲ ಬಗೆಗಳನ್ನೂ ಅದು ತಡೆಯದು. ಹಾಗಾಗಿ ಚರ್ಮವೆಂಬ ಬೇಲಿ ಗಟ್ಟಿಯಾಗಿರಲೇಬೇಕು. ಎರಡನೆಯದು ಕೊಕ್ಕೆಹುಳು. ಇದರ ಮರಿಹುಳುಗಳು ನೆರಳಿನ ತೇವದ ಮಣ್ಣಿನಲ್ಲಿ ಕಾದಿದ್ದು ಪಾದದ ಚರ್ಮವನ್ನೇ ಕೊರೆದು ಒಳಸೇರಬಲ್ಲವು. ಅಡಕೆ ತೋಟಕ್ಕಿಂತ ಹೆಚ್ಚು ನೆರಳೂ ತೇವವೂ ಇರುವ ಮಣ್ಣು ಎಲ್ಲಿದೆ? ನಾಯಿಯ ಕರುಳಿಗೆ ಸೇರಿದ ಹುಳು ರಕ್ತ ಹೀರಿ ಅದನ್ನು ಸೊರಗಿಸುತ್ತದೆ. ಅದರ ಮಲದಿಂದ ಅಂಗಳಕ್ಕೆ ಬಂದ ಮರಿಹುಳು ಬರಿಗಾಲಿನಲ್ಲಿ ಆಡುವ ಮಕ್ಕಳ ಕಾಲಿನ ಚರ್ಮದೊಳಗೆ ಹರಿದಾಡಿ ಕೆಂಪು ಗೆರೆ ಮೂಡಿಸುತ್ತದೆ. ನಾಯಿಯ ಪಾದವನ್ನು ಚೊಕ್ಕವಾಗಿಡುವುದು, ಕಾಲಕಾಲಕ್ಕೆ ಜಂತುಮದ್ದು ಹಾಕಿಸುವುದು ಮನೆಯ ಮಕ್ಕಳ ಆರೋಗ್ಯಕ್ಕೂ ಸೇರಿದ ಕೆಲಸ.

ಹಿಮನಾಡಿನ ರಸ್ತೆಯ ಉಪ್ಪಿಗೆ ಸಮನಾದದ್ದು ನಮ್ಮಲ್ಲಿಯೂ ಇದೆ, ನಾವು ಅದನ್ನು ಹಾಗೆಂದು ನೋಡುವುದಿಲ್ಲ ಅಷ್ಟೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದ ಮೇಲೆ ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇದು ಅದರ ಲೆಕ್ಕ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಅಡಕೆ ಕೊನೆಗೆ ಹೊಡೆಯುವಾಗ ಅದು ಕೆಳಗೂ ತೊಟ್ಟಿಕ್ಕುತ್ತದೆ. ಯಜಮಾನನ ಹಿಂದೆಯೇ ತೋಟ ಸುತ್ತುವ ನಾಯಿಯ ಕಾಲ್ಗೂದಲಿಗೆ ಅದೂ ಹತ್ತುತ್ತದೆ, ಸಂಜೆ ಅದನ್ನೇ ನಾಯಿ ನೆಕ್ಕುತ್ತದೆ. ಹದವಾಗಿ ಬೆರೆಸಿದ ದ್ರಾವಣಕ್ಕಿಂತಲೂ ಬೆರೆಸುವ ಮೊದಲಿನ ಮೈಲುತುತ್ತದ ನೀರು, ಸುಣ್ಣ ಅರಳಿಸಿದ ಜಾಗ ಹೆಚ್ಚು ಅಪಾಯದವು. ಮೈಲುತುತ್ತ ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ, ಕರುಳು ಕೆಡುತ್ತದೆ. ಔಷಧಿ ಹೊಡೆಯುವ ದಿನ ನಾಯಿಯನ್ನು ತೋಟಕ್ಕೆ ಬಿಡದಿರುವುದು, ಡ್ರಮ್ಮುಗಳನ್ನು ಮುಚ್ಚಿಡುವುದು ಕಷ್ಟದ ಕೆಲಸವಲ್ಲ. ಬಚ್ಚಲ ಒಲೆಯ ಬೂದಿಯ ವಿಷಯವೂ ಹೀಗೆಯೇ. ಬೂದಿ ನೀರು ಹೀರುತ್ತದೆಂದು ನಾಯಿ ಅಲ್ಲಿ ಹೊರಳುವುದನ್ನು ನಾವು ಮೆಚ್ಚಿಕೊಳ್ಳುತ್ತೇವೆ. ಆದರೆ ಒದ್ದೆಯಾದ ಬೂದಿ ಕ್ಷಾರ. ಬೂದಿಯಲ್ಲಿ ಪಾತ್ರೆ ಬೆಳಗಿದವರ ಕೈ ಒಡೆಯುವುದು ಯಾಕೆಂದು ನೆನಪಿಸಿಕೊಂಡರೆ, ಮೆತ್ತಗಾದ ಪಾದಕ್ಕೆ ಅದು ಏನು ಮಾಡುತ್ತದೆಂದು ತಿಳಿಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮಳೆಗಾಲ ಕಾಲಿಡುವ ಮೊದಲೇ, ಮೊಂಡು ತುದಿಯ ಕತ್ತರಿಯಿಂದ ಪಾದದ ಅಡಿಭಾಗದ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಸಮನಾಗಿ ಕತ್ತರಿಸಬೇಕು. ಸಂದಿಯೊಳಕ್ಕೆ ಕತ್ತರಿ ತೂರಿಸಬಾರದು, ಹೊರಗೆ ಚಾಚಿದ್ದಷ್ಟನ್ನೇ ತೆಗೆಯಬೇಕು. ಮೂರು ನಾಲ್ಕು ವಾರಕ್ಕೊಮ್ಮೆ ಇದನ್ನು ಮಾಡಿದರೆ ಕೆಸರು ಹೆಂಟೆಕಟ್ಟುವುದಿಲ್ಲ. ಹಿಂಗಾಲಿನ ಉದ್ದನೆಯ ಜಾಲರಿಗೂದಲು ನೆಲ ಗುಡಿಸುತ್ತಿದ್ದರೆ ಅದನ್ನೂ ಸ್ವಲ್ಪ ಮೇಲಕ್ಕೆ ಕತ್ತರಿಸಬಹುದು. ದಿನವೂ ನಾಯಿ ಒಳಬಂದಾಗ ಉಗುರುಬೆಚ್ಚಗಿನ ಬರಿ ನೀರಿನಿಂದ ಪಾದ ತೊಳೆದು, ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒಂದೊಂದೇ ಬೆರಳ ಸಂದಿಯನ್ನು ಒತ್ತಿ ಒರೆಸಬೇಕು. ಉಜ್ಜಬಾರದು. ಮೊದಲ ಬಟ್ಟೆ ಒದ್ದೆಯಾದ ಮೇಲೆ ಎರಡನೆಯ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸುವುದರಲ್ಲೇ ಈ ಆರೈಕೆಯ ಫಲ ಇರುವುದು, ಏಕೆಂದರೆ ತೊಳೆದು ಅರೆ ಒರೆಸಿ ಬಿಟ್ಟರೆ ತೊಳೆಯದೆ ಬಿಟ್ಟದ್ದಕ್ಕಿಂತ ಕೇಡು. ಅದರ ಬೆನ್ನಿಗೇ ಮಲಗುವ ಜಾಗವನ್ನೂ ನೋಡಬೇಕು. ಸಿಮೆಂಟಿನ ನೆಲವಾಗಲಿ ಒದ್ದೆ ಗೋಣಿಯಾಗಲಿ ಬೇಡ. ಅಡಕೆ ದಬ್ಬೆಯನ್ನು ಬೆರಳಗಲ ಬಿಟ್ಟು ಹೊಡೆದು, ನೆಲದಿಂದ ಗೇಣೆತ್ತರಕ್ಕೆ ಏರಿಸಿದ ಮಣೆ ಸಾಕು, ಅಡಿಯಿಂದ ಗಾಳಿಯಾಡುತ್ತದೆ. ಬೆರಳ ನಡುವೆ ಗುಳ್ಳೆ, ಕೀವು, ಬಾವು ಕಂಡರೆ ಮಾತ್ರ ಮನೆಮದ್ದಿನಲ್ಲಿ ದಿನ ಕಳೆಯದೆ ಪಶು ವೈದ್ಯರಿಗೆ ತೋರಿಸಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ, ಶಿವಮೊಗ್ಗದಲ್ಲಿ ಪಶು ವೈದ್ಯಕೀಯ ಮಹಾವಿದ್ಯಾಲಯವೇ ಇದೆ.

ಇಷ್ಟೆಲ್ಲ ರಗಳೆ ಯಾಕೆ, ಮೈಯ ಕೂದಲನ್ನೇ ಬೋಳಿಸಿಬಿಟ್ಟರಾಯಿತಲ್ಲ ಎಂಬ ಮಾತು ಪ್ರತಿ ಮಳೆಗಾಲವೂ ಕೇಳಿಬರುತ್ತದೆ. ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಹಸ್ಕಿ, ಜರ್ಮನ್ ಶೆಫರ್ಡ್, ಗೋಲ್ಡನ್, ಸ್ಪಿಟ್ಜ್‌ಗಳ ಮೈಮೇಲೆ ಇರುವುದು ಎರಡು ಪದರದ ಕೂದಲು. ಒಳಗಿನದು ಹತ್ತಿಯಂತೆ ಮೃದು, ಹೊರಗಿನದು ಒರಟು. ಮಳೆನೀರನ್ನು ಜಾರಿಸಿ ಚರ್ಮಕ್ಕೆ ತಲುಪದಂತೆ ನೋಡುವುದು ಆ ಹೊರಪದರ, ನಮ್ಮ ಹಿರಿಯರು ಹೊದೆಯುತ್ತಿದ್ದ ಕಂಬಳಿಕೊಪ್ಪೆಯ ಹಾಗೆ. ಬೋಳಿಸಿದರೆ ಆ ಕೊಪ್ಪೆಯೇ ಹೋಗುತ್ತದೆ. ಮತ್ತೆ ಬೆಳೆಯುವಾಗ ಒಳಗೂದಲು ಮೊದಲು ಬಂದು, ಹೊರಗೂದಲು ತಡವಾಗಿಯೋ ಅರೆಬರೆಯಾಗಿಯೋ ಬರುವುದುಂಟು. ಅಂಥ ಮೈ ನೀರನ್ನು ಜಾರಿಸುವ ಬದಲು ಹೀರಿಕೊಳ್ಳುತ್ತದೆ. ಇಂಬಳವೆಂಬ ಜಿಗಣೆಗೂ ಸೊಳ್ಳೆಗೂ ಬರಿ ಚರ್ಮ ಸುಲಭವಾಗಿ ಸಿಗುತ್ತದೆ. ಆದ್ದರಿಂದ ಕತ್ತರಿಸಬೇಕಾದದ್ದು ಪಾದದ ಅಡಿಯ, ಬೆರಳಂಚಿನ ಕೂದಲನ್ನು. ಬೆನ್ನಿನದನ್ನು ಬಾಚಿ ಸಿಕ್ಕು ಬಿಡಿಸಿದರೆ ಸಾಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಲೆನಾಡಿನಲ್ಲಿ ನಾಯಿ ಸಾಕುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಬೇಟೆಗೆ, ತೋಟ ಗದ್ದೆಯ ಕಾವಲಿಗೆ, ರಾತ್ರಿಯ ದಾರಿಗೆ ಜೊತೆಯಾಗಿ ನಾಯಿ ಇಲ್ಲಿ ಇದ್ದೇ ಇತ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಗುತ್ತಿಯ ನಾಯಿ ಹುಲಿಯನ ನೆನಪಿರುತ್ತದೆ. ಆ ನಾಯಿಗಳ ಕಾಲನ್ನು ಯಾರು ಒರೆಸಿದ್ದರು ಎಂದು ಕೇಳುವುದು ನ್ಯಾಯವೇ. ಉತ್ತರ ಎರಡು ಬಗೆಯದು. ಊರುನಾಯಿಯ ಗಿಡ್ಡಗೂದಲು, ಬಿಗಿಯಾಗಿ ಮುಚ್ಚಿದ ಬೆರಳು, ಒಣಕಲು ಮೈ ಈ ಹವೆಯಲ್ಲಿ ತಲೆಮಾರುಗಳಿಂದ ಪಳಗಿದವು, ತಡೆಯಲಾರದವು ಮರಿಯಲ್ಲೇ ಹೋಗಿ ತಡೆದವು ಉಳಿದವು. ಸ್ಕಾಟ್ಲೆಂಡಿನ ನಾಯಿಗೆ ಆ ಪಳಗುವಿಕೆಗೆ ಸಮಯವೇ ಸಿಕ್ಕಿಲ್ಲ. ಎರಡನೆಯದಾಗಿ, ಊರುನಾಯಿಗೆ ಏನೂ ಆಗುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅದರ ಕಾಲನ್ನು ಎತ್ತಿ ನೋಡಿದವರು ಕಡಿಮೆ. ಮಳೆಗಾಲದಲ್ಲಿ ಮೂರೇ ಕಾಲಿನಲ್ಲಿ ಕುಂಟುವ ನಾಯಿ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಲ್ಲ? ನಾವು ನೋಡದೆ ಹೋದ ನೋವನ್ನು ಇಲ್ಲದ ನೋವೆಂದು ಲೆಕ್ಕ ಹಾಕುವಂತಿಲ್ಲ.

ಬೂಟು ತೊಡಿಸಿದರೆ ಒಳ್ಳೆಯದಲ್ಲವೇ ಎಂದೂ ಕೇಳುತ್ತಾರೆ, ಅದು ಸಿಗದಿದ್ದರೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರೂ ಇದ್ದಾರೆ. ಒಣಹಿಮದಲ್ಲಿ ಬೂಟು ಕೆಲಸಕ್ಕೆ ಬರುತ್ತದೆ. ಇಲ್ಲಿ ಅದರೊಳಗೆ ನೀರು ಇಳಿದರೆ ಹೊರಹೋಗಲು ದಾರಿಯಿಲ್ಲ. ಮೇಲಾಗಿ ನಾಯಿಯ ಬೆವರುಗ್ರಂಥಿಗಳಲ್ಲಿ ಕೆಲಸ ಮಾಡುವಂಥವು ಹೆಚ್ಚಾಗಿ ಇರುವುದು ಪಾದದ ಮೆತ್ತೆಯಲ್ಲೇ, ಹಾಗಾಗಿ ಕಟ್ಟಿದ ಕೊಟ್ಟೆ ಒಳಗಿನಿಂದಲೂ ಒದ್ದೆಯಾಗುತ್ತದೆ. ಗಾಯಕ್ಕೆ ಪಟ್ಟಿ ಕಟ್ಟಿದಾಗ ಅಂಗಳ ದಾಟಿಸುವ ಹತ್ತು ನಿಮಿಷಕ್ಕೆ ಅದು ಸರಿ, ದಿನವಿಡೀ ಸಲ್ಲದು. ಎಣ್ಣೆ, ಮೇಣಗಳ ಕತೆಯೂ ಇದೇ: ಒಣಪಾದದ ಮೇಲೆ ತೆಳ್ಳಗೆ ಸವರಿದ ಕೊಬ್ಬರಿ ಎಣ್ಣೆಯಿಂದ ಕೇಡಿಲ್ಲ, ಒದ್ದೆ ಸಂದಿಗೆ ಹಾಕಿದರೆ ತೇವವನ್ನು ಒಳಗೇ ಮುಚ್ಚಿಡುತ್ತದೆ. ಸೀಮೆಎಣ್ಣೆ, ಫಿನೈಲು ಚರ್ಮವನ್ನು ಸುಡುತ್ತವೆ. ತುರಿಕೆಗೆಂದು ಮನುಷ್ಯರು ಹಚ್ಚಿಕೊಳ್ಳುವ ಸ್ಟೀರಾಯ್ಡ್ ಮುಲಾಮು ತುರಿಕೆಯನ್ನು ಎರಡು ದಿನ ಅಡಗಿಸಿ ಶಿಲೀಂಧ್ರವನ್ನು ಬೆಳೆಸುತ್ತದೆ. ನಾಯಿ ತನ್ನ ಕಾಲನ್ನು ನೆಕ್ಕಿಯೇ ತೀರುತ್ತದೆ. ಆದ್ದರಿಂದ ಅದರ ಬಾಯಿಗೆ ಹಾಕಲಾಗದ್ದನ್ನು ಪಾದಕ್ಕೂ ಹಾಕಬಾರದು.

ಉಂಬಳ ಎನ್ನಿ, ಇಂಬಳ ಎನ್ನಿ, ಅದು ಹಿಡಿದಾಗಲೂ ಈ ಮಾತು ನೆನಪಿರಬೇಕು. ಹೊಗೆಸೊಪ್ಪು ಸುಣ್ಣ ಕಲಸಿ ನಮ್ಮ ಕಾಲಿಗೆ ಬಳಿದುಕೊಳ್ಳುವುದು ಹಳೆಯ ರೂಢಿ. ನಾಯಿಯ ಕಾಲಿಗೆ ಬಳಿದರೆ ಹೊಗೆಸೊಪ್ಪಿನ ನಿಕೋಟಿನ್ ನೇರವಾಗಿ ಅದರ ಹೊಟ್ಟೆಗೆ ಹೋಗುತ್ತದೆ. ಇಂಬಳದ ಬಾಯಿಯ ಬಳಿ ಉಗುರನ್ನು ಚರ್ಮಕ್ಕೆ ತಾಗಿಸಿ ಜಾರಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ಸೋರಬಹುದು, ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಮಳೆ ಹಿಂದೆಗೆದ ಮೇಲೆ ಸರದಿ ಮುಳ್ಳುಬೀಜದ ಹುಲ್ಲಿನದು, ಉಣುಗಿನದು. ಚೂಪು ಬೀಜ ಬೆರಳ ಸಂದಿಯಲ್ಲಿ ಚುಚ್ಚಿ ಚರ್ಮದೊಳಗೆ ಮುಂದುಮುಂದಕ್ಕೆ ಸರಿಯುತ್ತದೆ. ಉಣುಗಿಗೂ ಆ ಸಂದಿಯೇ ಅಡಗುತಾಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ ಎಂಬುದು, 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಸಾವುನೋವು ಕಂಡ ಈ ಸೀಮೆಗೆ ಮರೆಯಲಾಗದ ಪಾಠ. ಆ ರೋಗ ನಾಯಿಯಿಂದ ಹುಟ್ಟುವುದಲ್ಲ. ಆದರೆ ಕಾಡಂಚಿನಲ್ಲಿ ತಿರುಗಿದ ನಾಯಿ ಉಣುಗನ್ನು ಜಗಲಿಯವರೆಗೆ ಹೊತ್ತು ತರಬಲ್ಲದು, ಎರ್ಲಿಕಿಯ, ಬೆಬೀಸಿಯದಂಥ ರಕ್ತದ ಸೋಂಕು ಅದಕ್ಕೇ ಬರಬಹುದು. ಮಳೆಗಾಲದಲ್ಲಿ ಒರೆಸುತ್ತ ಬೆರಳ ಸಂದಿ ನೋಡಿ ಅಭ್ಯಾಸವಾದವರಿಗೆ ಡಿಸೆಂಬರಿನಿಂದ ಮೇವರೆಗೆ ಅದೇ ಸಂದಿಯಲ್ಲಿ ಉಣುಗು ಕಾಣುವುದು ಕಷ್ಟವಾಗದು. ಅದನ್ನು ಬರಿಗೈಯಲ್ಲಿ ಹಿಸುಕದೆ ಚಿಮಟದಿಂದ ನೇರಕ್ಕೆ ಎಳೆದು ತೆಗೆಯಬೇಕು.

ಕೊನೆಯದಾಗಿ ಸಮಯದ ಪ್ರಶ್ನೆ. ಕೊಳೆ ಔಷಧಿ, ನೆಟ್ಟಿ, ದನಕರುಗಳ ನಡುವೆ ನಾಯಿಯ ನಾಲ್ಕು ಕಾಲು ಒರೆಸಲು ಪುರುಸೊತ್ತು ಎಲ್ಲಿ ಎಂದು ಕೇಳುವ ಮನೆಗಳ ಕಷ್ಟ ದೊಡ್ಡದು, ಅದನ್ನು ಹಗುರವಾಗಿ ಕಾಣಲಾಗದು. ಅದಕ್ಕೇ ಮೊದಲ ಮಾತನ್ನು ನಾಯಿ ತರುವ ಮುಂಚೆಯೇ ಆಡಬೇಕು: ದಿನಕ್ಕೆ ಐದು ನಿಮಿಷ ಕೊಡಲಾಗದ ಮನೆಗೆ ಉದ್ದಗೂದಲ ನಾಯಿ ಬೇಡ, ಊರುನಾಯಿಯ ಮರಿಯೊಂದು ಆ ಮನೆಯನ್ನು ಅಷ್ಟೇ ಪ್ರೀತಿಯಿಂದ ಕಾಯುತ್ತದೆ. ಆದರೆ ಆಗಲೇ ಜಗಲಿ ಸೇರಿರುವ ನಾಯಿ ಈ ಮಳೆಯನ್ನು ತಾನು ಆರಿಸಿಕೊಂಡು ಬಂದದ್ದಲ್ಲ, ನಾವು ಅದನ್ನು ಇಲ್ಲಿಗೆ ತಂದೆವು. ಅದರ ಪಾಲಿನ ಐದು ನಿಮಿಷಕ್ಕೆ ಹೊಸ ಹೊತ್ತನ್ನು ಹುಡುಕಬೇಕಾಗಿಯೂ ಇಲ್ಲ. ತೋಟದಿಂದ ಬಂದವರು ಕಾಲು ತೊಳೆಯದೆ ಜಗಲಿ ಹತ್ತಬಾರದು ಎಂಬ ಕಟ್ಟಳೆ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಅಂಗಳದ ತುದಿಯಲ್ಲಿ ಅದಕ್ಕೆಂದೇ ಹಂಡೆಯಲ್ಲಿ ನೀರು, ಚೊಂಬು ಇರುತ್ತವೆ. ಸಂಜೆ ನಾವು ಅಲ್ಲಿ ನಿಂತು ಕಾಲು ತೊಳೆಯುವಾಗ ಪಕ್ಕದಲ್ಲೇ ನಾಯಿಯೂ ನಿಂತಿರುತ್ತದೆ. ಅಲ್ಲೊಂದು ಗೂಟ ಹೊಡೆದು ಎರಡು ಒಣಬಟ್ಟೆ ತೂಗುಹಾಕಿದರೆ ಈ ಮಳೆಗಾಲದ ಕೆಲಸ ಶುರುವಾದಂತೆ.